ಬೆಚ್ಚಗಿನ ಟ್ರಾನ್ಸಿಸ್ಟರುಗಳು

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೆಂಗಳೂರಿನ ಎಸ್‌ಪಿ ರೋಡಿಗೆ ಕಾಲಿಟ್ಟರೆ ಷಟರ್ ಮೇಲೇಳುವ ಸದ್ದು, ಸಾಮಾನು ಇಳಿಸುವವರ ಕೂಗು, ಹೊಸ ವೈರಿನ ಸುರುಳಿಗಳ ಪ್ಲಾಸ್ಟಿಕ್ ವಾಸನೆ ಎಲ್ಲ ಒಟ್ಟಿಗೇ ಎದುರಾಗುತ್ತವೆ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಗೋಡೆಯ ತುಂಬ ನೆಲದಿಂದ ಸೂರಿನವರೆಗೆ ಪುಟ್ಟ ಪುಟ್ಟ ಡ್ರಾಯರುಗಳು. ಚೀಟಿ ಕೊಟ್ಟರೆ ಅಂಗಡಿಯವರು ತಲೆಯೆತ್ತದೆ ಕೈ ಚಾಚಿ ಒಂದೊಂದೇ ಡ್ರಾಯರ್ ಎಳೆಯುತ್ತಾರೆ. ಬಿಡಿ 139, ಬಿಡಿ 140, ಎನ್‌ಇ 5532, ನಾಲ್ಕು ಡಯೋಡು, ಒಂದು ಝೀರೋ ಪಿಸಿಬಿ.

‘ಟ್ರಾನ್ಸ್‌ಫಾರ್ಮರ್ ಎಷ್ಟರದ್ದು ಸಾರ್?’

‘ಟ್ವೆಲ್ವ್ ಝೀರೋ ಟ್ವೆಲ್ವ್ ಕೊಡಿ ಅಣ್ಣ.’

‘ಐನೂರು ಎಂಎ ಸಾಕಲ್ವಾ? ಹೆಡ್‌ಫೋನಿಗೆ ಧಾರಾಳವಾಯ್ತು.’

ಪಟ್ಟಿ ನೋಡಿಯೇ ನಾವು ಕಟ್ಟುತ್ತಿರುವುದು ಹೆಡ್‌ಫೋನ್ ಆಂಪ್ಲಿಫೈಯರ್ ಎಂದು ಹೇಳಬಲ್ಲವರು ಈ ಬೀದಿಯಲ್ಲಿ ಇನ್ನೂ ಇದ್ದಾರೆ. ಇದೇ ಊರಿನ ಜಾಲಹಳ್ಳಿಯ ಬಿಇಎಲ್ 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರುಗಳ ತಯಾರಿಕೆ ಶುರುಮಾಡಿತ್ತು. ವಾಲ್ವಿನ ಕಾಲದಿಂದ ಟ್ರಾನ್ಸಿಸ್ಟರಿನ ಕಾಲಕ್ಕೆ ದಾಟಿದ್ದನ್ನು ಹತ್ತಿರದಿಂದ ಕಂಡ ಊರು ಇದು.

ಮನೆಗೆ ಬಂದು ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿದರೆ ಕೆಲಸಕ್ಕೆ ಮುಹೂರ್ತ. ಅಕ್ಕನ ಮಗಳು ಎದುರಿಗೆ ಕೂತು ರೆಸಿಸ್ಟರುಗಳ ಬಣ್ಣದ ಪಟ್ಟೆ ಓದುತ್ತಾಳೆ: ಕಂದು, ಕಪ್ಪು, ಕಿತ್ತಳೆಯಾದರೆ ಹತ್ತು ಸಾವಿರ ಓಮ್, ಕೊನೆಯದು ಕೆಂಪಾದರೆ ಒಂದು ಸಾವಿರ. ಸೋಲ್ಡರಿಂಗ್ ಐರನ್ ಕಾದ ಮೇಲೆ ಅದರ ಮೊನೆಯನ್ನು ಕಾಲಿಗೂ ತಾಮ್ರಕ್ಕೂ ಒಟ್ಟಿಗೆ ತಾಗಿಸಿ ಕ್ಷಣ ಬಿಟ್ಟು ಸೋಲ್ಡರ್ ಮುಟ್ಟಿಸಬೇಕು. ಕಾದ ದೋಸೆಯ ಮೇಲೆ ಬೆಣ್ಣೆ ಕರಗಿದ ಹಾಗೆ ಅದು ತಟಕ್ಕನೆ ಹರಡಿ ಕಾಲಿನ ಸುತ್ತ ಏರುತ್ತದೆ. ತವರ, ಸೀಸ ಬೆರೆತ ಈ ತಂತಿ ಕರಗತೊಡಗುವುದು 183 ಡಿಗ್ರಿಯಲ್ಲಿ. ಅದರ ಹೊಟ್ಟೆಯೊಳಗಿನ ರಾಳ ಪೈನ್ ಮರದ್ದು, ಮನೆಯ ತುಂಬ ಹರಡುವ ಘಮ ಅದರದ್ದೇ. ಹೊಗೆ ಮೂಗಿಗೆ ನೇರ ಬಾರದಂತೆ ಕಿಟಕಿ ತೆರೆದಿಡಿ. ಆರಿದ ಬೆಸುಗೆ ಹೊಳೆಯುತ್ತಿದ್ದರೆ ಸರಿ; ಮಂಕಾಗಿ ಉಂಡೆಗಟ್ಟಿದ್ದರೆ ಮತ್ತೆ ಕಾಯಿಸಬೇಕು.

ಗೋಡೆಯ 230 ವೋಲ್ಟು ಟ್ರಾನ್ಸ್‌ಫಾರ್ಮರಿನಲ್ಲಿ ಹನ್ನೆರಡಕ್ಕೆ ಇಳಿದು, ಡಯೋಡುಗಳನ್ನು ದಾಟಿ, ದಪ್ಪ ಕೆಪಾಸಿಟರುಗಳಲ್ಲಿ ಹದಿನೇಳರ ಆಸುಪಾಸಿಗೆ ಏರಿ, 7812 ಮತ್ತು 7912ರ ಕೈಯಲ್ಲಿ ಪ್ಲಸ್ ಹನ್ನೆರಡು, ಮೈನಸ್ ಹನ್ನೆರಡಾಗಿ ನೆಲೆಗೊಳ್ಳುತ್ತದೆ. ಹಾಡನ್ನು ದೊಡ್ಡದು ಮಾಡುವುದು 5532. ಎಪ್ಪತ್ತರ ದಶಕದ ಕೊನೆಗೆ ಬಂದ ಈ ಎಂಟು ಕಾಲಿನ ಐಸಿ ಧ್ವನಿಮುದ್ರಣದ ಸ್ಟುಡಿಯೋಗಳ ಮಿಕ್ಸರುಗಳಲ್ಲಿ ಸಾಲುಸಾಲಾಗಿ ಕೂತಿತ್ತು. ನಾವು ಕೇಳುವ ಎಷ್ಟೋ ಹಾಡುಗಳು ಆಗಲೇ ಅದರೊಳಗೆ ಹಾದುಬಂದಿವೆ. ಹೊರಬಂದ ಸದ್ದಿನ ಒಂದು ಪಾಲನ್ನು ಅದು ವಾಪಸು ತರಿಸಿಕೊಂಡು, ಒಳಬಂದದ್ದರ ಜೊತೆ ಹೋಲಿಸಿ, ತಪ್ಪಿದ್ದನ್ನು ತಿದ್ದುತ್ತದೆ. ಈ ಉಪಾಯ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರಿಗೆ ಹೊಳೆದದ್ದು 1927ರ ಆಗಸ್ಟಿನಲ್ಲಿ, ಕೆಲಸಕ್ಕೆಂದು ಹಡ್ಸನ್ ನದಿಯನ್ನು ಫೆರಿಯಲ್ಲಿ ದಾಟುವಾಗ. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೇಲೆಯೇ ಅದನ್ನು ಗೀಚಿಕೊಂಡನಂತೆ.

ಆದರೆ 5532 ಒಂದೇ 32 ಓಮಿನ ಇಯರ್‌ಫೋನನ್ನು ಹೊತ್ತು ನಡೆಸಲಾರದು, 600 ಓಮಿನ ಭಾರ ಅದಕ್ಕೆ ಹಿತ. ಹಾಗಾಗಿ ಅದರ ಬೆನ್ನಿಗೆ ಟ್ರಾನ್ಸಿಸ್ಟರುಗಳ ಜೋಡಿ. ಅಲೆಯ ಮೇಲರ್ಧಕ್ಕೆ ಬಿಡಿ 139, ಕೆಳಗರ್ಧಕ್ಕೆ ಬಿಡಿ 140. ಸುಮಾರು 0.6 ವೋಲ್ಟು ಸಿಗುವವರೆಗೆ ಎರಡೂ ಏಳುವುದಿಲ್ಲ. ಒಂದು ಮಲಗಿ ಇನ್ನೊಂದು ಏಳುವ ನಡುವೆ ಅಲೆ ಸೊನ್ನೆ ದಾಟುತ್ತದಲ್ಲ, ಅಲ್ಲಿ ಸದ್ದು ಮುಕ್ಕಾಗುತ್ತದೆ. ಜೋರು ತಬಲಾದಲ್ಲಿ ಅದು ಗೊತ್ತಾಗದು. ಮೆಲ್ಲನೆ ಎಳೆದ ಮಂದ್ರದ ಸ್ವರದಲ್ಲಿ ಗೀರು ಬಿದ್ದಂತೆ ಕೇಳುತ್ತದೆ. ಎರಡನ್ನೂ ಸದಾ ಅರೆ ಎಚ್ಚರದಲ್ಲಿಡಲೆಂದೇ ಅವುಗಳ ಪಕ್ಕದಲ್ಲಿ ಬೇರೆ ಪುಟ್ಟ ಡಯೋಡುಗಳು.

‘ಮಾಮ, ಡಯೋಡನ್ನ ಯಾಕೆ ಟ್ರಾನ್ಸಿಸ್ಟರ್ ಮೈಗೆ ಒತ್ತಿಡ್ತಿದ್ದೀಯ?’

ಈ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಜಾಗ ಇದೇ. ಬಿಡಿ 139 ಉಗುರಿನಷ್ಟು ಅಗಲದ ಚಪ್ಪಟೆ ಕಪ್ಪು ಚೂರು, ನಡುವೆ ಸ್ಕ್ರೂ ಹೋಗಲು ಒಂದು ತೂತು. ಕೆಲಸ ಮಾಡುತ್ತ ಅದು ಬಿಸಿಯಾಗುತ್ತದೆ. ಒಂದೊಂದು ಡಿಗ್ರಿ ಏರಿದಾಗಲೂ ಅದು ಏಳಲು ಬೇಕಾದ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ತಗ್ಗುತ್ತದೆ. ಆಗ ಕರೆಂಟು ಹೆಚ್ಚು, ಬಿಸಿ ಇನ್ನಷ್ಟು ಹೆಚ್ಚು, ಕಡೆಗೆ ಸುಟ್ಟೇ ಹೋಗಬಹುದು. ಬಿಳಿ ಪೇಸ್ಟ್ ಸವರಿ ಮೈಗೆ ಮೈ ತಾಗಿಸಿ ಕೂರಿಸಿದ ಪುಟ್ಟ ಗಾಜಿನ ಡಯೋಡು ಅದೇ ಬಿಸಿ ಉಂಡು ತನ್ನ ವೋಲ್ಟೇಜನ್ನೂ ಅಷ್ಟೇ ತಗ್ಗಿಸಿಕೊಂಡು ಜೊತೆಗಾರನನ್ನು ಹಿಡಿದು ನಿಲ್ಲಿಸುತ್ತದೆ. ಬೆರಳಿಟ್ಟು ನೋಡಿ: ಬೆಚ್ಚಗಿದೆ, ಸುಡುತ್ತಿಲ್ಲ. ಆ ಡಯೋಡು ತನ್ನ ಕೆಲಸ ಮಾಡುತ್ತಿದೆ ಎಂದು ಬೆರಳೇ ಹೇಳುತ್ತದೆ. ಅಂಗಡಿಯಲ್ಲಿ ಕೊಂಡ ಡಬ್ಬಿ ಇದಕ್ಕಿಂತ ಚೆನ್ನಾಗಿಯೇ ಹಾಡಬಹುದು, ಆದರೆ ಕಿವಿಗೆ ಕೇಳುವುದರ ಕಾರಣವನ್ನು ಹೀಗೆ ಮುಟ್ಟಿ ನೋಡಲು ಅದರಲ್ಲಿ ದಾರಿಯಿಲ್ಲ.

ಹೆಡ್‌ಫೋನ್ ಚುಚ್ಚುವ ಮೊದಲು ಔಟ್‌ಪುಟ್ಟಿಗೆ ಮಲ್ಟಿಮೀಟರ್ ಇಡಬೇಕು. ಡಿಸಿ ಕೆಲವೇ ಮಿಲಿವೋಲ್ಟಿದ್ದರೆ ನಿಶ್ಚಿಂತೆ, ವೋಲ್ಟುಗಟ್ಟಲೆ ಬಂದರೆ ಹೆಡ್‌ಫೋನಿನ ಸುರುಳಿ ಸುಟ್ಟೀತು. ಮೊದಲ ಪರೀಕ್ಷೆಗೆ ಹೋದರೆ ಹೋಗಲಿ ಎನ್ನುವಂಥ ಹಳೆಯ ಇಯರ್‌ಫೋನೇ ಲೇಸು. ವಾಲ್ಯೂಮ್ ಪೂರ್ತಿ ತಗ್ಗಿಸಿ ಕೇಳಿದರೆ, ಗುಂಯ್ ಎಂಬ ಸಣ್ಣ ಶ್ರುತಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ, ಡಯೋಡು ದಾಟಿದ ಮೇಲೆ 100 ಸಲ. ಎರಡೂ ಒಂದೇ ಸ್ವರ, ನಡುವೆ ಒಂದು ಸ್ಥಾಯಿಯ ಅಂತರ. ಶ್ರುತಿಜ್ಞಾನವಿದ್ದವರಿಗೆ ರೋಗ ಎಲ್ಲಿದೆಯೆಂದು ಕಿವಿಯೇ ತಿಳಿಸುತ್ತದೆ: ಮೇಲಿನ ಷಡ್ಜವಾದರೆ ಪವರ್ ಸಪ್ಲೈ ಕಡೆ ನೋಡಬೇಕು, ಕೆಳಗಿನದಾದರೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಇನ್‌ಪುಟ್ ವೈರ್ ಹಾದಿರಬೇಕು. ಇದು ಕೆಳಗಿನದೇ. ವೈರನ್ನು ಡಬ್ಬಿಯ ಆಚೆ ಅಂಚಿಗೆ ಸರಿಸುತ್ತ ಹೋದ ಹಾಗೆ ಶ್ರುತಿ ಕರಗುತ್ತ ಬಂತು.

ಆಮೇಲೆ ಮಲ್ಲಿಕಾರ್ಜುನ ಮನ್ಸೂರರ ಹಳೆಯದೊಂದು ಧ್ವನಿಮುದ್ರಣ, 300 ಓಮಿನ ದೊಡ್ಡ ಹೆಡ್‌ಫೋನಿನಲ್ಲಿ. ಫೋನಿಗೆ ನೇರ ಸಿಕ್ಕಿಸಿದಾಗ ಬಡಕಲಾಗಿ ಕೇಳುತ್ತಿದ್ದ ದನಿ ಈಗ ಎದೆ ತುಂಬಿ ಬರುತ್ತಿದೆ. ತಾನ್ ಮುಗಿಸಿ ಸಮ್‌ಗೆ ಇಳಿಯುವಾಗ ತಬಲಾದ ಬಾಯಾದ ಗುಮುಕು ಕಿವಿಯ ಬುಡದಲ್ಲಿ ಉರುಳುತ್ತದೆ.

‘ಮಾಮ, ಹಿಂದೆ ಎರಡು ತಂಬೂರಿ ಇದೆ!’ ಅಂದಳು. ಡಬ್ಬಿಯ ಮುಚ್ಚಳಕ್ಕೆ ಗಾಳಿಯಾಡಲು ತೂತು ಕೊರೆಯುವುದೊಂದು ಬಾಕಿಯಿದೆ. ಹೆಡ್‌ಫೋನ್ ಅವಳ ತಲೆಯಿಂದ ಇಳಿಯುವ ಲಕ್ಷಣ ಕಾಣದ್ದರಿಂದ ಡ್ರಿಲ್ಲಿನ ಕೆಲಸ ನಾಳೆಗೆ.