ಮೂರಾಣೆಯೋ? ಹದಿನೈದಾಣೆಯೋ?
ಸಾಗರದಲ್ಲಿ ಬಂಧನವಾದ ಲೋಹಿಯಾ ದೆಹಲಿಯಲ್ಲಿ ಕೇಳಿದ ಲೆಕ್ಕ

ಪಾರ್ಲಿಮೆಂಟಿನಲ್ಲಿ ನಮ್ಮವರು ಏನು ಮಾಡ್ತಾರೆ? ಬಸ್ ಸ್ಟ್ಯಾಂಡಿನಲ್ಲಿ ಈ ಪ್ರಶ್ನೆ ಎತ್ತಿದರೆ ಹತ್ತರಲ್ಲಿ ಎಂಟು ಜನ ನಗುತ್ತಾರೆ. "ಕೂಗ್ತಾರೆ, ಎದ್ದು ಹೋಗ್ತಾರೆ, ಭತ್ಯೆ ತಗೊಳ್ತಾರೆ" ಅನ್ನುವುದು ಸಿದ್ಧ ಉತ್ತರ. ವಿರೋಧ ಪಕ್ಷದವರಾದರಂತೂ ಮುಗಿಯಿತು. ಓಟು ಇಲ್ಲದವನ ಮಾತಿಗೆ ಏನು ಬೆಲೆ ಅಂತ ಕೇಳುವವರೇ ಹೆಚ್ಚು.

ಅಂಥವರು ಡಾ. ರಾಮಮನೋಹರ ಲೋಹಿಯಾ ಅವರ ಕಥೆ ಕೇಳಬೇಕು. ಅವರು ಉತ್ತರ ಪ್ರದೇಶದವರಾದರೂ ನಮ್ಮ ಜಿಲ್ಲೆಗೆ ಹೊರಗಿನವರಲ್ಲ. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಬಂದು ನಮ್ಮ ಸಾಗರದಲ್ಲೇ ಬಂಧನವಾದವರು.

ಕಾಗೋಡಿನ ಜಗಳ ಶುರುವಾದದ್ದು ಯಾವುದಕ್ಕೆ? ಒಂದು ಕೊಳಗಕ್ಕೆ! ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದು, ಸರಿಯಾದ ಅಳತೆಯ ಕೊಳಗದಲ್ಲಿ ಅಳೆಯಿರಿ ಎಂಬುದು ಗೇಣಿದಾರರ ಬೇಡಿಕೆ. ಅಳತೆ ಯಾರ ಕೈಯಲ್ಲಿದೆಯೋ ಭತ್ತ ಅವರ ಮನೆಗೆ. ಹನ್ನೆರಡು ವರ್ಷದ ನಂತರ ಲೋಹಿಯಾ ದೆಹಲಿಯಲ್ಲಿ ಎತ್ತಿದ್ದೂ ಇದೇ ತಕರಾರು. ಅಲ್ಲಿ ಕೊಳಗದ ಬದಲು ಅಂಕಿ ಇತ್ತು, ಅಷ್ಟೇ.

ಬಂದ ತಿಂಗಳಲ್ಲೇ ಗದ್ದಲ

1962ರ ಚುನಾವಣೆಯಲ್ಲಿ ಲೋಹಿಯಾ ಫೂಲ್‌ಪುರದಲ್ಲಿ ಸಾಕ್ಷಾತ್ ಪ್ರಧಾನಿ ನೆಹರೂ ವಿರುದ್ಧ ನಿಂತು ಸೋತರು. ಮರುವರ್ಷ ಫರೂಕಾಬಾದ್ ಉಪಚುನಾವಣೆಯಲ್ಲಿ ಗೆದ್ದು 1963ರ ಆಗಸ್ಟ್‌ನಲ್ಲಿ ಲೋಕಸಭೆಯೊಳಗೆ ಕಾಲಿಟ್ಟರು. ಅದೇ ತಿಂಗಳು ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ ತಂದರು. ಲೋಕಸಭೆ ಕಂಡ ಮೊಟ್ಟಮೊದಲ ಅವಿಶ್ವಾಸ ಗೊತ್ತುವಳಿ ಅದು. ಚೀನಾ ಯುದ್ಧದ ಗಾಯ ಇನ್ನೂ ಹಸಿಯಾಗಿತ್ತು. ಮಾತೆಲ್ಲ ಗಡಿಯ ಕಡೆಗೇ ಹರಿಯುತ್ತೆ ಅಂತ ಎಲ್ಲರ ಎಣಿಕೆ.

ಲೋಹಿಯಾ ಎದ್ದು ನಿಂತು ಹಿಂದಿಯಲ್ಲಿ ಬೇರೆಯದೇ ಲೆಕ್ಕ ತೆಗೆದರು. ಈ ದೇಶದ 27 ಕೋಟಿ ಜನ, ಅಂದರೆ ನೂರಕ್ಕೆ ಅರುವತ್ತು ಮಂದಿ, ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಅದರ ಪಕ್ಕಕ್ಕೇ ಇನ್ನೊಂದು ಅಂಕಿ ಇಟ್ಟರು. ಪ್ರಧಾನಿಯೊಬ್ಬರ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ ಎಂಬ ಆರೋಪ! ಸಭೆಯಲ್ಲಿ ಗದ್ದಲವೋ ಗದ್ದಲ.

ನೆಹರೂ ಒಪ್ಪಲಿಲ್ಲ. ಯೋಜನಾ ಆಯೋಗದ ಅಂಕಿಯಂತೆ ತಲಾ ಆದಾಯ ದಿನಕ್ಕೆ ಹದಿನೈದಾಣೆ, ಮೂರಾಣೆ ಎನ್ನುವುದು ತಪ್ಪು ಅಂದರು. ಕೊನೆಗೆ ಗೊತ್ತುವಳಿಯ ಪರ ಬಿದ್ದ ಮತ 62, ವಿರುದ್ಧ 347. ಸರ್ಕಾರ ಗೆದ್ದಿತು.

ಆದರೆ ಆಣೆಯ ಜಗಳ ಮುಗಿಯಲಿಲ್ಲ.

ಸರಾಸರಿ ಎಂಬ ಮಾಯೆ

ಅಂಗಡಿಯವರಿಗೆ ಇದು ಚೆನ್ನಾಗಿ ಅರ್ಥವಾಗುವ ವಿಷಯ. ಒಂದು ಬೀದಿಯಲ್ಲಿ ಹತ್ತು ಅಂಗಡಿ ಅಂತಿಟ್ಟುಕೊಳ್ಳಿ. ಒಂದರ ದಿನದ ಲಾಭ 910 ರೂಪಾಯಿ. ಉಳಿದ ಒಂಬತ್ತಕ್ಕೆ ತಲಾ ಹತ್ತೇ ರೂಪಾಯಿ. ಒಟ್ಟು ಕೂಡಿ ಹತ್ತರಿಂದ ಭಾಗಿಸಿದರೆ ಸರಾಸರಿ ನೂರು ರೂಪಾಯಿ. ಕಾಗದದ ಮೇಲೆ ಬೀದಿಯೆಲ್ಲ ಸುಖವಾಗಿದೆ! ಆ ಒಂಬತ್ತು ಅಂಗಡಿಯವರನ್ನು ಕೇಳಿ ನೋಡಿ, ಏನಂತಾರೆ.

ಲೋಹಿಯಾ ಹೇಳಿದ್ದು ಇಷ್ಟೇ. ನಿಮ್ಮ ಹದಿನೈದಾಣೆಯಲ್ಲಿ ಕೋಟ್ಯಧೀಶರ ಆದಾಯವೂ ಕೂಡಿಕೊಂಡಿದೆ, ಅದನ್ನು ಪಕ್ಕಕ್ಕಿಟ್ಟು ಕೆಳಗಿನ ಅರುವತ್ತು ಮಂದಿಯ ಲೆಕ್ಕ ಕೊಡಿ.

ಸೆಪ್ಟೆಂಬರ್‌ನಲ್ಲಿ ಇದೇ ವಿಷಯಕ್ಕೆ ಸದನದಲ್ಲಿ ಮತ್ತೆ ಚರ್ಚೆಯಾಯಿತು. ಆಗ ಯೋಜನೆಯ ಹೊಣೆ ಹೊತ್ತಿದ್ದ ಗುಲ್ಜಾರಿಲಾಲ್ ನಂದಾ ಕೆಳಗಿನವರ ಲೆಕ್ಕ ಬಿಡಿಸಿ ಕೊಡಬೇಕಾಯಿತು. ಎಷ್ಟು ಗೊತ್ತೇ? ಏಳೂವರೆ ಆಣೆ. ಹದಿನೈದಕ್ಕೆ ಸರಿಯಾಗಿ ಅರ್ಧ!

ಹೊಸ ಪೈಸೆ ಬಂದದ್ದು 1957ರಲ್ಲಿ. ಆ ಲೆಕ್ಕದಲ್ಲಿ ಹದಿನೈದಾಣೆ ಅಂದ್ರೆ 94 ಪೈಸೆ, ಏಳೂವರೆ ಆಣೆ ಅಂದ್ರೆ 47 ಪೈಸೆ, ಮೂರಾಣೆ ಅಂದ್ರೆ 19 ಪೈಸೆ. ಲೋಹಿಯಾರ ಮೂರಾಣೆಯೇ ಕರಾರುವಾಕ್ಕು ಅಂತ ಯಾರೂ ಒಪ್ಪಬೇಕಿಲ್ಲ. ಬಿಡಿ. ಸರ್ಕಾರದ್ದೇ ಅಂಕಿ ಹಿಡಿಯೋಣ. 1962ರಲ್ಲಿ ಯೋಜನಾ ಆಯೋಗ ನೇಮಿಸಿದ ತಜ್ಞರ ತಂಡ ಒಬ್ಬ ಮನುಷ್ಯ ಬದುಕಲು ತಿಂಗಳಿಗೆ ಕನಿಷ್ಠ 20 ರೂಪಾಯಿ ಬೇಕು ಅಂದಿತ್ತು. ಅದೂ ಶಾಲೆ, ಆಸ್ಪತ್ರೆ ಖರ್ಚು ಬಿಟ್ಟು. ಮೂವತ್ತು ದಿನಕ್ಕೆ ಹಂಚಿ ನೋಡಿ. ದಿನಕ್ಕೆ ಹತ್ತೂವರೆ ಆಣೆ ದಾಟುತ್ತದೆ. ಅಂದ ಮೇಲೆ ನಂದಾ ಕೊಟ್ಟ ಏಳೂವರೆ ಆಣೆ ಸರ್ಕಾರದ ತಂಡವೇ ಹಾಕಿದ ಗೆರೆಗಿಂತ ಕೆಳಗಾಯಿತು.

62 ಮತದ ಕಡೆಯವರು ಗಳಿಸಿದ್ದು ಇದನ್ನು. ಸರ್ಕಾರ ಬೀಳಲಿಲ್ಲ, ಆದರೆ ಸರಾಸರಿಯ ಹಿಂದೆ ಅಡಗಿದ್ದ ಬಡವ ಸರ್ಕಾರಿ ಕಡತಕ್ಕೆ ಬಂದ.

ಬರೀ ಆಣೆಯಲ್ಲ

ಲೋಹಿಯಾ ಲೋಕಸಭೆಯಲ್ಲಿದ್ದದ್ದು ಹೆಚ್ಚೆಂದರೆ ನಾಲ್ಕು ವರ್ಷ ಚಿಲ್ಲರೆ. ಅಷ್ಟರಲ್ಲಿ ಅವರು ಕೈ ಹಾಕದ ವಿಷಯ ಕಡಿಮೆ. ಕಾರ್ಖಾನೆ ಮಾಲಿನ ಬೆಲೆ ತಯಾರಿಕೆ ಖರ್ಚಿನ ಒಂದೂವರೆ ಪಟ್ಟು ಮೀರಬಾರದು ಎಂಬುದು ಅವರ ಪಟ್ಟು. ಸುಗ್ಗಿಯಲ್ಲಿ ಧಾನ್ಯದ ದರ ಪಾತಾಳಕ್ಕಿಳಿದು, ಮಳೆಗಾಲದಲ್ಲಿ ಆಕಾಶಕ್ಕೇರುವುದು ನಿಲ್ಲಬೇಕು ಅಂತಲೂ ವಾದಿಸಿದರು.

ಬರ್ಲಿನ್‌ನಲ್ಲಿ ಓದಿ ಡಾಕ್ಟರೇಟ್ ಪಡೆದ ಮನುಷ್ಯ. ಇಂಗ್ಲಿಷ್ ಬಾರದೆ ಅಲ್ಲ ಹಿಂದಿಯಲ್ಲಿ ಮಾತಾಡಿದ್ದು. ಜನಕ್ಕೆ ತಿಳಿಯದ ಭಾಷೆಯಲ್ಲಿ ಆಡಳಿತ ನಡೆದರೆ ಜನ ಹೊರಗೇ ಉಳಿಯುತ್ತಾರೆ ಎಂಬುದು ಅವರ ನಿಲುವು. ಅದೇ ಬಳಗದ ನಮ್ಮ ಶಾಂತವೇರಿ ಗೋಪಾಲಗೌಡರು 1952ರಲ್ಲೇ ವಿಧಾನಸಭೆಗೆ ಹೋಗಿ ಕನ್ನಡದಲ್ಲಿ ಗುಡುಗಿದ್ದನ್ನು ಈ ಜಿಲ್ಲೆಯ ಹಿರಿಯರು ಮರೆತಿಲ್ಲ.

ಲೋಹಿಯಾರನ್ನು ಸರ್ಕಾರ ಸುಮ್ಮನೆ ಬಿಡಲೂ ಇಲ್ಲ. ಚೀನಾ ಯುದ್ಧದಲ್ಲಿ ಸಾರಿದ ತುರ್ತು ಪರಿಸ್ಥಿತಿ ಯುದ್ಧ ನಿಂತರೂ ಮುಂದುವರಿದಿತ್ತು. 1965ರ ಆಗಸ್ಟ್‌ನಲ್ಲಿ ಪಾಟ್ನಾದಲ್ಲಿ ಭಾರತ ರಕ್ಷಣಾ ನಿಯಮದಡಿ ಅವರನ್ನು ಹಿಡಿದು ಹಜಾರಿಬಾಗ್ ಜೈಲಿಗೆ ಹಾಕಿದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಊರಿನ ಸಣ್ಣಪುಟ್ಟ ಶಾಂತಿಭಂಗ ಬೇರೆ, ಇಡೀ ಸಮಾಜದ ನೆಮ್ಮದಿ ಕೆಡುವುದು ಬೇರೆ, ದೇಶದ ಭದ್ರತೆ ಮತ್ತೂ ಬೇರೆ ಎಂದು ಕೋರ್ಟು ಗೆರೆ ಎಳೆಯಿತು. ಲೋಹಿಯಾ ಬಿಡುಗಡೆಯಾದರು. ವಿಚಾರಣೆಯಿಲ್ಲದೆ ಒಳಗೆ ಹಾಕಿದ ಕೇಸು ಬಂದರೆ ಆ ತೀರ್ಪನ್ನು ವಕೀಲರು ಇಂದಿಗೂ ಎತ್ತಿ ಹಿಡಿಯುತ್ತಾರೆ. ಅಲ್ಲೂ ಜಗಳ ಅಳತೆಯದೇ ನೋಡಿ. ಎಷ್ಟು ತಪ್ಪಿಗೆ ಎಷ್ಟು ಅಧಿಕಾರ?

ಲೋಹಿಯಾರ ನಾಲಿಗೆ ಕಟು, ಎದುರಾಳಿಗಳನ್ನು ಕುಟುಕುವಾಗ ಅಳತೆ ಮೀರಿದ್ದೂ ಉಂಟು. ಇದನ್ನು ಅವರ ಅಭಿಮಾನಿಗಳೂ ಅಲ್ಲಗಳೆಯರು. ಆದರೆ ಲೆಕ್ಕ ಇಲ್ಲದೆ ಬರೀ ಬೈಗುಳದಿಂದ ಸದನ ಗೆದ್ದವರಲ್ಲ. 1967ರ ಅಕ್ಟೋಬರ್ 12ರಂದು ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 57. ಆ ಆಸ್ಪತ್ರೆಗೆ ಈಗ ಅವರದೇ ಹೆಸರು.

ಇವತ್ತಿನ ಮಾತು

ಈಗ ಆಣೆ ಇಲ್ಲ, ಯೋಜನಾ ಆಯೋಗವೂ ಇಲ್ಲ. 2015ರಲ್ಲಿ ಅದರ ಜಾಗಕ್ಕೆ ನೀತಿ ಆಯೋಗ ಬಂತು. ಸರಾಸರಿ ಮಾತ್ರ ಎಲ್ಲೂ ಹೋಗಿಲ್ಲ. ತಲಾ ಆದಾಯ ಇಷ್ಟೇರಿತು, ಬೆಳವಣಿಗೆ ಅಷ್ಟಾಯಿತು ಎಂಬ ಸುದ್ದಿ ಬಂದಾಗಲೆಲ್ಲ ಕೆಳಗಿನ ಅರುವತ್ತು ಮಂದಿಗೆ ಎಷ್ಟು ಅಂತ ಕೇಳುವವರು ಬೇಕು.

ಕೇಳಲು ದಾರಿಯೂ ಇದೆ. ಲೋಕಸಭೆಯಲ್ಲಿ ಸಾಮಾನ್ಯವಾಗಿ ಹದಿನೈದು ದಿನ ಮುಂಚೆ ನೋಟಿಸು ಕೊಟ್ಟರೆ ಪ್ರಶ್ನೆ ಹಾಕಬಹುದು. ಮಂತ್ರಿಗಳು ಬಾಯಿಂದ ಉತ್ತರಿಸಬೇಕಾದ ಪ್ರಶ್ನೆ ದಿನಕ್ಕೆ 20, ಬರವಣಿಗೆಯಲ್ಲಿ ಉತ್ತರಿಸುವಂಥವು 230. ಆಳುವ ಪಕ್ಷವೋ ವಿರೋಧ ಪಕ್ಷವೋ, ಈ ಬಾಗಿಲು ಎಲ್ಲ ಸದಸ್ಯರಿಗೂ ತೆರೆದಿದೆ. ಇನ್ನೊಂದು ಕಡೆ, 2023ರ ಚಳಿಗಾಲದ ಒಂದೇ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ವಿರೋಧ ಪಕ್ಷದ ಸದಸ್ಯರು ಅಮಾನತಾದರು. ತಪ್ಪು ಯಾರದೇ ಇರಲಿ, ಹೊರಗೆ ಕೂತವರು ಪ್ರಶ್ನೆ ಕೇಳಲಾಗುವುದಿಲ್ಲ.

ನಮ್ಮವರು ಮತ ಕೇಳಲು ಅಂಗಡಿ ಮುಂದೆ ಬರುತ್ತಾರೆ. ರಸ್ತೆ, ಸೇತುವೆ, ರೈಲು ಕೇಳಿ, ಬೇಡ ಅನ್ನೋದಿಲ್ಲ. ಜೊತೆಗೆ ಇದನ್ನೂ ಕೇಳಿ: "ಸಾರ್, ಈ ಐದು ವರ್ಷದಲ್ಲಿ ಸರ್ಕಾರದ ಯಾವ ಲೆಕ್ಕವನ್ನು ನೀವು ಬಿಡಿಸಿ ಕೇಳಿದ್ರಿ?"