ಹಿಮಯುಗ ಬಿಟ್ಟುಹೋದ ಹುಲ್ಲುಗಾವಲು

ಉದಕಮಂಡಲದ ಸಮೀಪದ ಸ್ಯಾಂಡಿನಲ್ಲಾ ಕಣಿವೆಯಲ್ಲಿ ಸದಾ ನೀರು ಜಿನುಗುವ ಕಪ್ಪನೆಯ ಜೌಗು ನೆಲವಿದೆ. ಅಲ್ಲಿ ಬಿದ್ದ ಹುಲ್ಲು, ಎಲೆ, ಬೇರು ಪೂರ್ತಿ ಕೊಳೆಯುವುದಿಲ್ಲ. ನೀರಿನಡಿ ಗಾಳಿಯಿಲ್ಲ, ಮೇಲೆ ಚಳಿ. ಕೊಳೆಸಬೇಕಾದ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗಿ, ಸಸ್ಯಗಳ ಅವಶೇಷ ವರ್ಷವರ್ಷವೂ ಪದರ ಪದರವಾಗಿ ಕೂರುತ್ತ ಹೋಗುತ್ತದೆ. ಇದೇ ಪೀಟ್ ಮಣ್ಣು. ನೀಲಗಿರಿಯ ಇಂಥ ಜೌಗುಗಳಲ್ಲಿ ಕೆಲವೇ ಮೀಟರ್ ಕೊರೆದರೆ ಇಪ್ಪತ್ತು ಸಾವಿರ ವರ್ಷಗಳ ಹಿಂದಿನ ಮಣ್ಣು ಕೈಗೆ ಸಿಗುತ್ತದೆ. ಆ ಕಾಲದಲ್ಲಿ ಈ ಬೆಟ್ಟದ ಮೇಲೆ ಏನು ಬೆಳೆದಿತ್ತು ಎಂಬುದನ್ನು ಆ ಮಣ್ಣೇ ಹೇಳುತ್ತದೆ.

ಅದನ್ನು ಓದುವ ಬಗೆ ಬಹಳ ಸೊಗಸಾದದ್ದು. ಗಿಡಗಳು ಗಾಳಿಯಿಂದ ಇಂಗಾಲವನ್ನು ಎರಡು ಮುಖ್ಯ ದಾರಿಗಳಲ್ಲಿ ಹೀರುತ್ತವೆ. ಹೆಚ್ಚುಕಡಿಮೆ ಎಲ್ಲ ಮರಗಳದ್ದೂ ಸಿ-3 ಎಂಬ ದಾರಿ. ಬಿಸಿಲುನಾಡಿನ ಬಹುಪಾಲು ಹುಲ್ಲುಗಳದ್ದು ಸಿ-4. ನಮ್ಮ ಜೋಳ, ರಾಗಿ, ಕಬ್ಬು ಈ ಎರಡನೆಯ ಗುಂಪಿಗೆ ಸೇರಿದವು. ಇಂಗಾಲದಲ್ಲಿ ಸ್ವಲ್ಪ ಹೆಚ್ಚು ತೂಕದ ಇಂಗಾಲ-13 ಎಂಬ ರೂಪವಿದೆ. ಅದನ್ನು ಸಿ-3 ಗಿಡಗಳು ಬಹಳಷ್ಟು ದೂರ ತಳ್ಳುತ್ತವೆ, ಸಿ-4 ಹುಲ್ಲುಗಳು ಅಷ್ಟು ತಳ್ಳುವುದಿಲ್ಲ. ಗಿಡ ಸತ್ತು ಮಣ್ಣಾದ ಮೇಲೂ ಈ ವ್ಯತ್ಯಾಸ ಅಳಿಯದೆ ಉಳಿಯುತ್ತದೆ. ಹಾಗಾಗಿ ಪೀಟಿನ ಒಂದು ಪದರದಲ್ಲಿ ಇಂಗಾಲ-13 ಎಷ್ಟಿದೆ ಎಂದು ಅಳೆದರೆ ಆ ಕಾಲದಲ್ಲಿ ಆಳಿದ್ದು ಕಾಡೋ ಹುಲ್ಲೋ ಎಂಬುದು ಗೊತ್ತಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರನ್ನು ನಾವು ಆನೆಗಳ ಅಧ್ಯಯನಕಾರರೆಂದೇ ಬಲ್ಲೆವು. ಅವರೂ ಸಂಗಡಿಗರೂ ನೀಲಗಿರಿಯ ಪೀಟನ್ನು ಹೀಗೆ ಅಳೆದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಹಿಮಯುಗ ತನ್ನ ತುದಿ ಮುಟ್ಟಿದ್ದ ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿ ಸಿ-4 ಹುಲ್ಲಿನದೇ ಪ್ರಾಬಲ್ಯ. ಹಿಮಯುಗ ಮುಗಿದು ಮುಂಗಾರು ಚೇತರಿಸಿಕೊಂಡಂತೆ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದಿನ ಹೊತ್ತಿಗೆ, ಸಿ-3 ಗಿಡಗಳದ್ದು ಮೇಲುಗೈ. ಆಮೇಲೆ ಮತ್ತೆ ಒಣಹವೆ, ಮತ್ತೆ ಹುಲ್ಲಿನ ಏರಿಕೆ. ಕಾಡು ಮತ್ತು ಹುಲ್ಲು ಈ ಬೆಟ್ಟದಲ್ಲಿ ಸಾವಿರಾರು ವರ್ಷಗಳಿಂದ ಹಿಂದೆ ಮುಂದೆ ಸರಿಯುತ್ತಲೇ ಬಂದಿವೆ.

ಹಿಮಯುಗವೆಂದರೆ ನಮಗೆ ಸೈಬೀರಿಯಾದ ಮ್ಯಾಮತ್ ನೆನಪಾಗುತ್ತದೆ. ದಕ್ಷಿಣ ಭಾರತವನ್ನು ಹಿಮದ ಹಾಸು ಮುಚ್ಚಲಿಲ್ಲ ನಿಜ. ಆದರೆ ಅಪಾರ ನೀರು ಉತ್ತರದಲ್ಲಿ ಹೆಪ್ಪುಗಟ್ಟಿ ಕೂತಿದ್ದರಿಂದ ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿಳಿದಿತ್ತು. ಶ್ರೀಲಂಕೆಗೆ ನೆಲದ ಮೇಲೇ ನಡೆದು ಹೋಗಬಹುದಿತ್ತು. ಮುಂಗಾರು ಸೊರಗಿತ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಕೊರತೆ ಗಾಳಿಯಲ್ಲೇ ಇತ್ತು. ಆಗ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 180ರಿಂದ 190 ಭಾಗ ಮಾತ್ರ. ಕೈಗಾರಿಕೆಗಳು ಬರುವ ಮುನ್ನ ಅದು 280 ಆಗಿತ್ತು, ಇಂದು 420 ದಾಟಿದೆ.

ಮರಕ್ಕೆ ಇದು ಹಸಿವಿನ ಕಾಲ. ಸಿ-4 ಹುಲ್ಲಿಗೆ ಹಾಗಲ್ಲ, ಕಡಿಮೆ ಇಂಗಾಲದಲ್ಲೂ ಕಡಿಮೆ ನೀರಿನಲ್ಲೂ ಬದುಕು ಸಾಗಿಸುವ ಶಕ್ತಿ ಅದರ ದೇಹಕ್ರಮದಲ್ಲೇ ಇದೆ. ಸಾಮಾನ್ಯವಾಗಿ ಈ ಹುಲ್ಲಿಗೆ ಚಳಿ ಆಗಿಬರುವುದಿಲ್ಲ. ಆದರೂ ಅತಿ ಚಳಿಯ ಕಾಲದಲ್ಲೇ ಎರಡು ಸಾವಿರ ಮೀಟರ್ ಎತ್ತರದ ಬೆಟ್ಟವನ್ನು ಅದು ಆಳಿತೆಂದರೆ, ಬರ ಮತ್ತು ಗಾಳಿಯ ಬಡತನ ಎಷ್ಟು ತೀವ್ರವಾಗಿತ್ತೆಂದು ಊಹಿಸಿಕೊಳ್ಳಬಹುದು. ದಕ್ಷಿಣ ಆಫ್ರಿಕಾದ ಪರಿಸರ ವಿಜ್ಞಾನಿ ವಿಲಿಯಂ ಬಾಂಡ್ ಅವರ ವಾದವನ್ನು ಇಲ್ಲಿ ಜೊತೆಗಿಟ್ಟು ನೋಡಬೇಕು. ಬೆಂಕಿಗೆ ಸುಟ್ಟ ಸಸಿ ಬುಡದಿಂದ ಮತ್ತೆ ಚಿಗುರಿ, ಮುಂದಿನ ಬೆಂಕಿ ಬರುವುದರೊಳಗೆ ಜ್ವಾಲೆ ತಲುಪದಷ್ಟು ಎತ್ತರಕ್ಕೆ ಬೆಳೆದರೆ ಮಾತ್ರ ಮರವಾಗುತ್ತದೆ. ಗಾಳಿಯಲ್ಲಿ ಇಂಗಾಲ ಕಡಿಮೆಯಿದ್ದಾಗ ಆ ಬೆಳವಣಿಗೆ ನಿಧಾನ, ಹಾಗಾಗಿ ಸಸಿ ಪದೇ ಪದೇ ಸುಡುತ್ತದೆ. ನೀಲಗಿರಿಯಲ್ಲಿ ಬೆಂಕಿಯ ಜೊತೆಗೆ ಇನ್ನೊಂದು ಶಕ್ತಿಯೂ ಸೇರಿಕೊಳ್ಳುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬಯಲಿನ ಮೇಲೆ ಇಬ್ಬನಿ ರಾತ್ರೋರಾತ್ರಿ ಹಿಮಗಟ್ಟುತ್ತದೆ. ಹುಲ್ಲು ಒಣಗಿ ಬುಡದಿಂದ ಮತ್ತೆ ಎದ್ದುಬರುತ್ತದೆ. ಮರದ ಎಳೆ ಸಸಿ ಕರಕಲಾಗುತ್ತದೆ.

ಈ ಹುಲ್ಲುಗಾವಲು ಹೇಗೆ ಹುಟ್ಟಿತೆಂಬ ಜಗಳ ಹಳೆಯದು. 1938ರಲ್ಲಿ ಎನ್. ಎಲ್. ಬೋರ್ ಎಂಬ ಸಸ್ಯವಿಜ್ಞಾನಿ, ಮನುಷ್ಯರು ಹಚ್ಚಿದ ಬೆಂಕಿಯಿಂದ ಕಾಡು ಹೋಗಿ ಹುಲ್ಲು ಬಂತೆಂದರು. ಅದೇ ವರ್ಷ ಅರಣ್ಯಾಧಿಕಾರಿ ಸಿ. ಆರ್. ರಂಗನಾಥನ್, ಹಿಮಗಟ್ಟುವ ಇಬ್ಬನಿಯೇ ಹುಲ್ಲನ್ನು ಕಾಯುತ್ತಿದೆ, ಹುಲ್ಲು ಇಲ್ಲಿನ ಸಹಜ ಸ್ಥಿತಿಯೆಂದರು. ತಮ್ಮ ಎಮ್ಮೆಗಳಿಗಾಗಿ ಹುಲ್ಲು ಸುಡುತ್ತಿದ್ದ, ನೀಲಗಿರಿಯ ಬುಡಕಟ್ಟಿನವರಾದ ತೋಡರ ಮೇಲೆ ಕಾಡು ಹಾಳು ಮಾಡಿದ ಆಪಾದನೆ ಬಹುಕಾಲ ಇತ್ತು. ಪೀಟ್ ಹೇಳುವ ಕಥೆಯಲ್ಲಿ ತೋಡರ ಎಮ್ಮೆಗಳು ಬೆಟ್ಟ ಹತ್ತುವ ಎಷ್ಟೋ ಸಾವಿರ ವರ್ಷ ಮೊದಲೇ ಹುಲ್ಲು ಅಲ್ಲಿತ್ತು. ಮನುಷ್ಯರ ಬೆಂಕಿ ಮುಂದೆ ಕಾಡಿನ ಅಂಚನ್ನು ಅಲ್ಲಲ್ಲಿ ಹಿಂದಕ್ಕೆ ತಳ್ಳಿರಬಹುದು. ಆದರೆ ಹುಲ್ಲುಗಾವಲಿನ ಹುಟ್ಟನ್ನೇ ಅವರ ತಲೆಗೆ ಕಟ್ಟಿದ್ದು ಅನ್ಯಾಯವೆಂದೇ ನಾನು ನಂಬುತ್ತೇನೆ.

ಹಿಮಯುಗ ಕಳೆದು ಮಳೆ ಹೆಚ್ಚಿದಾಗ ಕಾಡು ಏರಿತು. ತಂಪನ್ನೂ ಬಯಲನ್ನೂ ನೆಚ್ಚಿದ್ದ ಜೀವಿಗಳಿಗೆ ಎತ್ತರದ ನೆಲೆಗಳಷ್ಟೇ ಉಳಿದವು. ನೀಲಗಿರಿ ತಾರ್ ಎಂಬ ಕಾಡಾಡನ್ನೇ ನೋಡಿ. ಇಂದು ತಮಿಳುನಾಡು ಮತ್ತು ಕೇರಳದ ಬೆಟ್ಟಗಳ ನೆತ್ತಿಯ ಹುಲ್ಲು ಮತ್ತು ಬಂಡೆಗಳಲ್ಲಿ ಮಾತ್ರ, ಮೂರು ಸಾವಿರದ ಆಸುಪಾಸಿನಲ್ಲಿ ಉಳಿದಿರುವ ಪ್ರಾಣಿ ಇದು. ಹಿಮಾಲಯದ ತಾರ್‌ಗೆ ಇದು ಹತ್ತಿರದ ನೆಂಟನೆಂದೇ ಹಿಂದೆ ಎಣಿಸಿದ್ದರು. 2005ರಲ್ಲಿ ಡಿಎನ್‌ಎ ನೋಡಿದಾಗ ಕುರಿಗಳಿಗೇ ಹೆಚ್ಚು ಹತ್ತಿರವೆಂದು ತಿಳಿದು ಪ್ರತ್ಯೇಕ ಕುಲಕ್ಕೆ ಸೇರಿಸಿದರು. ಸಸ್ಯಗಳಲ್ಲಿ ರೋಡೊಡೆಂಡ್ರಾನ್ ಇದೆ. ಕಡುಗೆಂಪು ಹೂವಿನ ಈ ಮರ ಹುಲ್ಲಿನ ನಡುವೆ ಒಂಟಿಯಾಗಿ ನಿಲ್ಲುತ್ತದೆ, ಬೆಂಕಿಯನ್ನೂ ಹಿಮಗಟ್ಟುವ ರಾತ್ರಿಗಳನ್ನೂ ತಾಳುತ್ತದೆ. ಇದೇ ಪ್ರಭೇದದ ಮರಗಳು ಹಿಮಾಲಯದಲ್ಲೂ ಅರಳುತ್ತವೆ. ನಡುವಿನ ಸಾವಿರಾರು ಕಿಲೋಮೀಟರ್ ಬಯಲುಸೀಮೆಯಲ್ಲಿ ಅದರ ಸುಳಿವಿಲ್ಲ. ಹಿಮಯುಗದ ತಂಪಿನಲ್ಲಿ ಇಂಥ ಸಸ್ಯಗಳು ಇಂದಿಗಿಂತ ತಗ್ಗಿನ ಬೆಟ್ಟಗಳಲ್ಲೂ ಬೆಳೆದು ದಕ್ಷಿಣಕ್ಕೆ ಸರಿದು ಬಂದವೆಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಬಯಲುಸೀಮೆಯಲ್ಲೂ ಆ ಕಾಲದ ಪ್ರಾಣಿಗಳು ಬೇರೆಯೇ ಇದ್ದವು. ಮಧ್ಯ ಮತ್ತು ಪಶ್ಚಿಮ ಭಾರತದಲ್ಲಿ ಉಷ್ಟ್ರಪಕ್ಷಿಗಳು ಓಡಾಡುತ್ತಿದ್ದವು. ಮಹಾರಾಷ್ಟ್ರದ ಪಾಟ್ನೆಯಲ್ಲಿ ಅವುಗಳ ಮೊಟ್ಟೆಚಿಪ್ಪಿನಿಂದ ಮಾಡಿದ ಮಣಿಗಳೂ ಗೆರೆ ಕೊರೆದ ಚಿಪ್ಪೂ ಸಿಕ್ಕಿವೆ. ನರ್ಮದೆಯ ದಂಡೆಯಲ್ಲಿ ನೀರುಕುದುರೆಗಳಿದ್ದವು. ಇವೆರಡೂ ಇಲ್ಲಿ ಅಳಿದವು. ಆದರೆ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳ ಮೂಳೆಗಳು ಬೇರೊಂದು ಮಾತು ಹೇಳುತ್ತವೆ. ಅಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಬಗೆಯವು ಎರಡು ಲಕ್ಷ ವರ್ಷಗಳ ಏರಿಳಿತ ದಾಟಿ ಉಪಖಂಡದಲ್ಲಿ ಇಂದಿಗೂ ಉಳಿದಿವೆಯೆಂದು 2014ರ ಅಧ್ಯಯನವೊಂದು ತೋರಿಸಿತು. 74 ಸಾವಿರ ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದು ಅದೇ ಸೀಮೆಯ ಜ್ವಾಲಾಪುರಂ ಮೇಲೆ ಬೂದಿ ಸುರಿದದ್ದೂ ಈ ಅವಧಿಯಲ್ಲೇ. ಕಾಡು, ಕುರುಚಲು, ಹುಲ್ಲು, ನದಿದಂಡೆ ಎಲ್ಲವೂ ಒಂದರ ಪಕ್ಕ ಒಂದಿರುವ ನಾಡಿನಲ್ಲಿ ಕಷ್ಟಕಾಲಕ್ಕೆ ಸರಿದುಕೊಳ್ಳಲು ಜಾಗವಿರುತ್ತದೆ.

ಆ ಜಾಗವನ್ನೇ ನಾವು ಕಿತ್ತುಕೊಂಡೆವು. ಹತ್ತೊಂಬತ್ತನೇ ಶತಮಾನದ ಬ್ರಿಟಿಷರಿಗೆ ಮರವಿಲ್ಲದ ಬೆಟ್ಟ ಪಾಳು ಬಿದ್ದಂತೆ ಕಂಡಿತು. ಸೌದೆಗೆ, ಚರ್ಮ ಹದ ಮಾಡುವ ತೊಗಟೆಗೆ ಆಸ್ಟ್ರೇಲಿಯಾದಿಂದ ನೀಲಗಿರಿ ಮರ ಬಂತು, ವಾಟಲ್ ಬಂತು. ಸ್ವಾತಂತ್ರ್ಯದ ನಂತರವೂ ಆ ನೋಟ ಬದಲಾಗಲಿಲ್ಲ, ಕಾರ್ಖಾನೆಗಳ ತಿರುಳಿಗಾಗಿ ನೆಡುತೋಪುಗಳು ಇನ್ನಷ್ಟು ಹಬ್ಬಿದವು. ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಹೋಗಿದೆಯೆಂದು ಉಪಗ್ರಹ ಚಿತ್ರಗಳ ಅಧ್ಯಯನ ಹೇಳುತ್ತದೆ. ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿ, ಬ್ರಹ್ಮಗಿರಿಗಳಲ್ಲೂ ಶೋಲಾ ಎಂಬ ಬೆಟ್ಟದ ಕಾಡು ಮತ್ತು ಹುಲ್ಲಿನ ಇದೇ ಜೋಡಿ ಇದೆ. ಅಲ್ಲಿನ ಬೋಳುಗುಡ್ಡ ಕಂಡರೆ ಸಸಿ ನೆಡಬೇಕೆನ್ನುವವರು ಇಂದಿಗೂ ಕಡಿಮೆಯಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಅತುಲ್ ಜೋಶಿ, ಜಯಶ್ರೀ ರತ್ನಂ ಮತ್ತು ಮಹೇಶ್ ಶಂಕರನ್ ನೀಲಗಿರಿಯಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಬಯಲಿನ ಚಳಿಗೆ ಶೋಲಾ ಮರಗಳ ಸಸಿಗಳು ತತ್ತರಿಸಿದವು. ವಾಟಲ್ ಸಸಿಗಳು ಅವಕ್ಕಿಂತ ಚೆನ್ನಾಗಿ ತಾಳಿಕೊಂಡವು. ಅದಕ್ಕೆ ಸುಮಾರು ಎಂಬತ್ತು ವರ್ಷ ಮೊದಲು ರಂಗನಾಥನ್ ಹೇಳಿದ್ದಕ್ಕೆ ಇದು ಪ್ರಯೋಗದ ಬೆಂಬಲ. ಇಷ್ಟು ಕಾಲ ಹುಲ್ಲನ್ನು ಕಾಯ್ದ ಎರಡು ಸಂಗತಿಗಳು, ಗಾಳಿಯ ಬಡತನ ಮತ್ತು ರಾತ್ರಿಯ ಚಳಿ, ಎರಡೂ ಈಗ ನಮ್ಮ ಕೈಯಿಂದಲೇ ಕರಗುತ್ತಿವೆ. ಇಂಗಾಲ ಹೆಚ್ಚಿದಷ್ಟೂ ಮರಕ್ಕೆ ಬಲ. ರಾತ್ರಿಗಳು ಬೆಚ್ಚಗಾದಷ್ಟೂ ಸಸಿಗೆ ಜೀವ. ಆದರೆ ತೆರವಾಗುವ ಹುಲ್ಲಿನ ಜಾಗಕ್ಕೆ ಮೊದಲು ನುಗ್ಗುವುದು ಬೀಜ ಚೆಲ್ಲಿ ಕಾದು ಕೂತಿರುವ ವಾಟಲ್, ಶೋಲಾ ಮರಗಳ ಸರದಿ ಬಹಳ ಹಿಂದೆ. ಹಿಂದಿನ ಬಿಸಿ ಕಾಲಗಳಲ್ಲಿ ಕಾಡು ಏರಿದಾಗಲೂ ಎಲ್ಲೋ ಒಂದು ನೆತ್ತಿಯಲ್ಲಿ ಹುಲ್ಲು ಉಳಿದಿತ್ತು, ಒಣಹವೆ ಮರಳಿದಾಗ ಅಲ್ಲಿಂದಲೇ ಮತ್ತೆ ಇಳಿದು ಬಂದಿತ್ತು. ವಾಟಲ್ ಹೊಕ್ಕ ನೆತ್ತಿಯಲ್ಲಿ ಹಾಗೆ ಇಳಿದು ಬರಲು ಹುಲ್ಲೇ ಇರುವುದಿಲ್ಲ. ಅದಕ್ಕೇ ಈ ಬೆಟ್ಟಗಳಲ್ಲಿ ಮರ ನೆಡುವ ಯೋಜನೆಗಳನ್ನು ನಿಲ್ಲಿಸಬೇಕು, ಹುಲ್ಲು ಇನ್ನೂ ಉಳಿದಿರುವ ಕಡೆ ವಾಟಲ್ ಸಸಿಗಳನ್ನು ಎಳೆಯದರಲ್ಲೇ ಕೀಳಬೇಕು, ಮತ್ತು ಸರ್ಕಾರಿ ಕಡತಗಳಲ್ಲಿ ಹುಲ್ಲುಗಾವಲಿನ ಮುಂದೆ ‘ಪಾಳುಭೂಮಿ’ ಎಂದು ಬರೆಯುವುದನ್ನು ಬಿಡಬೇಕು.