ಜೇಬಿನೊಳಗಿನ ರೇಡಿಯೋ ನಿಲಯ

ಬಡಾವಣೆಯ ಮನೆಯೊಂದರ ಮಾಳಿಗೆಯ ಮೇಲೆ ಮೊಬೈಲ್ ಗೋಪುರ ಏಳತೊಡಗಿತೆಂದರೆ ಸಾಕು, ಸುತ್ತಲಿನ ಹತ್ತು ಮನೆಗಳಲ್ಲಿ ಕಳವಳ ಹುಟ್ಟುತ್ತದೆ. ಮಕ್ಕಳಿಗೆ ಏನಾದೀತೋ, ಗರ್ಭಿಣಿಯರಿಗೆ ಏನಾದೀತೋ ಎಂಬ ಚಿಂತೆ. ಗೋಪುರವನ್ನು ಕೀಳಿಸಬೇಕೆಂದು ಅರ್ಜಿ ಸಿದ್ಧವಾಗುತ್ತದೆ. ಸಹಿ ಹಾಕಲು ನೆರೆಯವರನ್ನು ಕರೆಯುವುದು ಮಾತ್ರ ಕಿವಿಗೊತ್ತಿದ ಮೊಬೈಲ್ ಫೋನಿನಿಂದಲೇ! ನಾವು ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಮನೆಯವರ ಆರೋಗ್ಯದ ಬಗೆಗೆ ಪ್ರಶ್ನೆ ಕೇಳುವುದು ಎಲ್ಲರ ಹಕ್ಕು. ಆದರೆ ಕೇಳಿದ ಪ್ರಶ್ನೆಗೆ ಉತ್ತರವನ್ನು ಅಳತೆಯಿಂದಲೇ ಪಡೆಯಬೇಕಾಗುತ್ತದೆ. ಈ ಅಲೆಗಳು ನಮ್ಮ ಮೈಯಲ್ಲಿ ಮಾಡುವುದೇನು? ಅವುಗಳಿಗೆ ಹಾಕಿರುವ ಮಿತಿಗಳು ಎಲ್ಲಿಂದ ಬಂದವು? ಗೋಪುರ, ಫೋನು ಇವೆರಡರಲ್ಲಿ ನಮಗೆ ಹೆಚ್ಚು ಅಲೆಗಳನ್ನು ಉಣಿಸುವುದು ಯಾವುದು? ಈ ಮೂರನ್ನು ಇಲ್ಲಿ ವಿಚಾರಿಸೋಣ.

ಕಲ್ಲು ಮತ್ತು ಮರಳು

ಮೊಬೈಲ್ ಫೋನು ಹೆಸರಿಗೆ ದೂರವಾಣಿ. ಕೆಲಸದಲ್ಲಿ ಅದೊಂದು ಪುಟ್ಟ ರೇಡಿಯೋ ನಿಲಯ. ನಮ್ಮ ಮಾತನ್ನು ಅದು ರೇಡಿಯೋ ಅಲೆಗಳ ಮೇಲೆ ಹೊರಿಸಿ ಗೋಪುರಕ್ಕೆ ಕಳುಹಿಸುತ್ತದೆ. ಬಳಕೆಯಲ್ಲಿರುವ ಅಲೆಗಳಲ್ಲೊಂದು 900 ಮೆಗಾಹರ್ಟ್ಸ್‌ನದು. ಎಂದರೆ ಸೆಕೆಂಡಿಗೆ 90 ಕೋಟಿ ಕಂಪನಗಳು. ರೇಡಿಯೋ ಅಲೆ, ಬೆಳಕು, ಕ್ಷ-ಕಿರಣ ಎಲ್ಲವೂ ಒಂದೇ ವಿದ್ಯುತ್ಕಾಂತ ಕುಲಕ್ಕೆ ಸೇರಿದವು. ಕುಲ ಒಂದಾದರೂ ಬಲ ಒಂದಲ್ಲ.

ಅಲೆಯ ಶಕ್ತಿ ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತದೆ. ಅಣುವೊಂದರಿಂದ ಎಲೆಕ್ಟ್ರಾನನ್ನು ಕಿತ್ತೊಗೆಯಬೇಕಾದರೆ ಒಂದೊಂದು ಕಂತಿನಲ್ಲಿಯೂ ಸುಮಾರು 10 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಇರಬೇಕು. ಕ್ಷ-ಕಿರಣದ ಕಂತುಗಳಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು ಶಕ್ತಿಯುಂಟು. ಆದ್ದರಿಂದಲೇ ಅವು ಜೀವಕೋಶದ ವಂಶವಾಹಿಗಳನ್ನು ಮುರಿಯಬಲ್ಲವು. 900 ಮೆಗಾಹರ್ಟ್ಸ್ ಅಲೆಯ ಕಂತಿನಲ್ಲಿರುವ ಶಕ್ತಿಯಾದರೋ ಬೇಕಾದುದರ 27 ಲಕ್ಷದಲ್ಲೊಂದು ಪಾಲು. ಮರದ ಮೇಲಿನ ಮಾವಿನ ಕಾಯನ್ನು ಒಂದು ಕಲ್ಲು ಉದುರಿಸೀತು. ಅಷ್ಟೇ ತೂಕದ ಮರಳನ್ನು ಹಿಡಿ ಹಿಡಿಯಾಗಿ ತೂರಿದರೆ ಕಾಯಿ ಬೀಳದು. ರೇಡಿಯೋ ಅಲೆ ಮರಳಿನಂತೆ.

ಹಾಗೆಂದು ಅದು ಏನನ್ನೂ ಮಾಡುವುದಿಲ್ಲವೆಂದಲ್ಲ. ಮೈಯೊಳಗಿನ ನೀರಿನ ಅಣುಗಳನ್ನು ಅದು ಅತ್ತಿತ್ತ ತಿರುಗಿಸುತ್ತದೆ. ಆ ತಿಕ್ಕಾಟದಿಂದ ಶಾಖ ಹುಟ್ಟುತ್ತದೆ. ಅಡಿಗೆಯ ಮೈಕ್ರೋವೇವ್ ಒಲೆ ನಡೆಯುವುದು ಇದೇ ತತ್ತ್ವದ ಮೇಲೆ. ಆದುದರಿಂದ ಕೇಳಬೇಕಾದ ಪ್ರಶ್ನೆ: ಎಷ್ಟು ಶಾಖ?

ಮಿತಿ ಹುಟ್ಟಿದ ಬಗೆ

ಎರಡನೆಯ ಮಹಾಯುದ್ಧದ ತರುವಾಯ ರೇಡಾರ್ ಯಂತ್ರಗಳ ಬಳಿ ದುಡಿಯುವವರ ರಕ್ಷಣೆಯ ಪ್ರಶ್ನೆ ಬಂದಿತು. 1953ರಲ್ಲಿ ಅಮೆರಿಕದ ಜೀವಭೌತ ವಿಜ್ಞಾನಿ ಹರ್ಮನ್ ಷ್ವಾನ್ ಅವರು, ಮಾನವ ದೇಹ ಎಷ್ಟು ಶಾಖವನ್ನು ಹೊರದೂಡಬಲ್ಲದೆಂಬ ಲೆಕ್ಕದ ಆಧಾರದಿಂದ, ಚದರ ಮೀಟರಿಗೆ 100 ವಾಟುಗಳ ಮಿತಿಯನ್ನು ಸೂಚಿಸಿದರು. ಅದೇ ದಶಕದ ಕೊನೆಯಲ್ಲಿ ಸೋವಿಯೆತ್ ಒಕ್ಕೂಟ ಗೊತ್ತುಮಾಡಿದ ಮಿತಿ 0.1 ವಾಟ್. ಅಲ್ಲಿಯ ವೈದ್ಯರು ಶಾಖವನ್ನಷ್ಟೇ ಅಲ್ಲದೆ ಕೆಲಸಗಾರರು ಹೇಳಿಕೊಂಡ ತಲೆನೋವು, ಆಯಾಸಗಳನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಒಂದೇ ಅಲೆಗೆ ಎರಡು ದೇಶಗಳಲ್ಲಿ ಸಾವಿರ ಪಟ್ಟು ಭಿನ್ನವಾದ ಎಲ್ಲೆಗಳು! ಮಿತಿಯೆಂಬುದು ಪ್ರಕೃತಿಯಲ್ಲಿ ಕೆತ್ತಿಟ್ಟ ಗೆರೆಯಲ್ಲ, ಮನುಷ್ಯರು ತಮಗೆ ತಿಳಿದಷ್ಟರ ಮೇಲೆ ಎಳೆದ ಗೆರೆ ಎಂಬುದಕ್ಕೆ ಇದು ನಿದರ್ಶನ.

ಮುಂದೆ ಇಲಿಗಳನ್ನೂ ಕೋತಿಗಳನ್ನೂ ಪ್ರಯೋಗಕ್ಕೆ ಒಳಪಡಿಸಿದರು. ಸನ್ನೆಯನ್ನು ಒತ್ತಿ ಆಹಾರ ಪಡೆಯುವ ವಿದ್ಯೆಯನ್ನು ಅವುಗಳಿಗೆ ಕಲಿಸಿ, ಅಲೆಗಳನ್ನು ಹಾಯಿಸುತ್ತ ಹೋದರು. ದೇಹದ ಕಿಲೋಗ್ರಾಂಗೆ ಸುಮಾರು 4 ವಾಟುಗಳಷ್ಟು ಶಕ್ತಿ ಸೇರಿದಾಗ ಮೈಯ ಉಷ್ಣತೆ ಸುಮಾರು ಒಂದು ಡಿಗ್ರಿ ಏರಿ, ಪ್ರಾಣಿಗಳು ಕಲಿತ ಕೆಲಸವನ್ನು ಬಿಟ್ಟುಬಿಡತೊಡಗಿದವು. ವಿಜ್ಞಾನಿಗಳು ಇದನ್ನು ಹಾನಿಯ ಹೊಸ್ತಿಲೆಂದು ಹಿಡಿದರು. ಅದರ ಹತ್ತನೆಯ ಒಂದು ಪಾಲನ್ನು ಈ ಯಂತ್ರಗಳ ಬಳಿ ದುಡಿಯುವವರಿಗೂ, ಐವತ್ತನೆಯ ಒಂದು ಪಾಲನ್ನು ಜನಸಾಮಾನ್ಯರಿಗೂ ಮಿತಿಯಾಗಿ ಇಟ್ಟರು. ಈ ವಿಷಯದ ಅಂತರರಾಷ್ಟ್ರೀಯ ಆಯೋಗ 1998ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿಯೂ ಇದೇ ಲೆಕ್ಕವುಂಟು: ಇಡೀ ದೇಹಕ್ಕೆ ಕಿಲೋಗ್ರಾಂಗೆ 0.08 ವಾಟ್. ಸುಮ್ಮನೆ ಕುಳಿತ ಮನುಷ್ಯನ ದೇಹ ತಾನಾಗಿಯೇ ಕಿಲೋಗ್ರಾಂಗೆ ಸುಮಾರು ಒಂದು ವಾಟ್ ಶಾಖವನ್ನು ಉತ್ಪಾದಿಸುತ್ತಿರುತ್ತದೆ ಎಂಬುದನ್ನು ವಾಚಕರು ಇದರೊಡನೆ ಹೋಲಿಸಬಹುದು.

ಆದರೆ ಫೋನು ಇಡೀ ಮೈಗೆ ಸಮನಾಗಿ ಶಕ್ತಿಯನ್ನು ಹಂಚುವುದಿಲ್ಲ. ಕಿವಿಯ ಬಳಿಯ ಸ್ವಲ್ಪ ಭಾಗಕ್ಕೆ ಸುರಿಯುತ್ತದೆ. ಆದ್ದರಿಂದ ಇನ್ನೊಂದು ಮಿತಿ ಬೇಕಾಯಿತು. ಯೂರೋಪಿನಲ್ಲಿ ತಲೆಯ ಯಾವುದೇ 10 ಗ್ರಾಂ ಭಾಗದ ಸರಾಸರಿ ಹೀರಿಕೆ ಕಿಲೋಗ್ರಾಂಗೆ 2 ವಾಟುಗಳನ್ನು ಮೀರಬಾರದು. ಅಮೆರಿಕದಲ್ಲಿ 1 ಗ್ರಾಂ ಭಾಗಕ್ಕೆ 1.6 ವಾಟ್. ಸರಾಸರಿ ತೆಗೆಯುವ ತುಣುಕು ಚಿಕ್ಕದಾದಷ್ಟೂ ಹೆಚ್ಚು ಕಾಯುವ ಚುಕ್ಕೆ ಲೆಕ್ಕದಲ್ಲಿ ಅಡಗಿಹೋಗುವುದಿಲ್ಲ. ಆದುದರಿಂದ ಎರಡನೆಯದೇ ಬಿಗಿಯಾದುದು. ಭಾರತವು 2012ರ ಸೆಪ್ಟೆಂಬರ್ 1ರಿಂದ ಈ 1.6ರ ಮಿತಿಯನ್ನು ಅಂಗೀಕರಿಸಿತು. ನಮ್ಮ ದೇಶದಲ್ಲಿ ಮಾರಾಟವಾಗುವ ಬಹುತೇಕ ಫೋನುಗಳಲ್ಲಿ ಸ್ಟಾರ್, ಹ್ಯಾಷ್, 07, ಹ್ಯಾಷ್ ಎಂದು ಒತ್ತಿದರೆ ಆ ಫೋನಿನ ಹೀರಿಕೆಯ ದರ ತೆರೆಯ ಮೇಲೆ ಮೂಡುತ್ತದೆ.

ಈ ದರವನ್ನು ಅಳೆಯುವ ರೀತಿಯೂ ಸ್ವಾರಸ್ಯಕರ. ತಲೆಯ ಆಕಾರದ ಚಿಪ್ಪಿನಲ್ಲಿ, ವಿದ್ಯುತ್ ಗುಣಗಳಲ್ಲಿ ತಲೆಯ ಅಂಗಾಂಶವನ್ನು ಹೋಲುವ ದ್ರವವನ್ನು ತುಂಬುತ್ತಾರೆ. ಕೆಲವು ಅಲೆಗಳಿಗೆ ಆ ದ್ರವ ನೀರು, ಸಕ್ಕರೆ, ಉಪ್ಪುಗಳ ಪಾಕವೇ ಆಗಿರುತ್ತದೆ! ಫೋನನ್ನು ಅದರ ಕೆನ್ನೆಗೆ ಒತ್ತಿ, ಪೂರ್ಣ ಬಲದಿಂದ ನಡೆಸಿ, ಯಂತ್ರದ ಕೈಯೊಂದು ದ್ರವದೊಳಗೆ ಶೋಧಕವನ್ನಾಡಿಸಿ ಅಳೆಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ದೇಶ ಐಫೋನ್ 12ರ ಮಾರಾಟವನ್ನು ತಡೆದದ್ದು ಇಂಥ ಅಳತೆಯಿಂದಲೇ. ಕೈಯಲ್ಲಿ ಹಿಡಿದಾಗಿನ ಮಿತಿ 4 ವಾಟ್ ಆಗಿದ್ದರೆ, ಬಂದ ಅಳತೆ 5.74. ಹೊಸ್ತಿಲು ಇನ್ನೂ ದೂರವಿದ್ದರೂ ಮಿತಿ ಮಿತಿಯೇ. ತಯಾರಕರು ಫೋನಿನ ತಂತ್ರಾಂಶವನ್ನು ತಿದ್ದಬೇಕಾಯಿತು.

ಗೋಪುರವೋ, ಫೋನೋ?

ಈಗ ಮಾಳಿಗೆಯ ಗೋಪುರಕ್ಕೆ ಬರೋಣ. 2012ರ ಅದೇ ದಿನದಿಂದ ಭಾರತ ಸರ್ಕಾರವು ಗೋಪುರಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲಿಗೆ ಇಳಿಸಿತು. 900 ಮೆಗಾಹರ್ಟ್ಸ್ ಅಲೆಗೆ ಅದು ಚದರ ಮೀಟರಿಗೆ 0.45 ವಾಟ್ ಆಯಿತು. 20 ವಾಟುಗಳ ಪ್ರೇಷಕವೊಂದು ತನ್ನ ಶಕ್ತಿಯನ್ನು ಐವತ್ತು ಪಟ್ಟು ಒಗ್ಗೂಡಿಸಿ ಒಂದೇ ದಿಕ್ಕಿಗೆ ಬೀರುತ್ತಿದೆಯೆಂದು ಭಾವಿಸೋಣ. ಅಲೆ ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆ. ನೇರವಾಗಿ ಎದುರಿನಲ್ಲಿ 50 ಮೀಟರ್ ದೂರ ನಿಂತವನ ಮೇಲೆ ಬೀಳುವುದು ಚದರ ಮೀಟರಿಗೆ ಸುಮಾರು 0.03 ವಾಟ್; ಆ ಮಿತಿಯ ಹದಿನಾಲ್ಕನೆಯ ಒಂದು ಪಾಲು. ಈ ಕಿರಣ ದೀಪಸ್ತಂಭದ ಬೆಳಕಿನಂತೆ ಅಡ್ಡಲಾಗಿ ಹೋಗುವುದರಿಂದ ಗೋಪುರದ ಬುಡದಲ್ಲಿರುವವರಿಗೆ ತಗಲುವುದು ಇನ್ನೂ ಕಡಿಮೆ. ಆದರೆ ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ: ಆಂಟೆನಾದ ಮುಖಕ್ಕೆ ಸಮನಾದ ಎತ್ತರದಲ್ಲಿ, 13 ಮೀಟರ್‌ಗಿಂತ ಹತ್ತಿರ, ಯಾರದಾದರೂ ಕಿಟಕಿಯಿದ್ದರೆ ಆ ಮಿತಿ ಮೀರೀತು. ಅಂಥ ಮನೆಯವರ ದೂರು ಬರಿಯ ಭಯವಲ್ಲ, ಅದಕ್ಕೆ ಆಧಾರವುಂಟು.

ಫೋನು ಹೀಗಲ್ಲ. ಅದರ ಬಲ ಅಲ್ಪವಾದರೂ ದೂರ ಬೆರಳಿನ ಅಗಲದಷ್ಟು ಮಾತ್ರ. ಮೇಲಾಗಿ ಆ ಬಲ ಒಂದೇ ತೆರನಾಗಿರುವುದಿಲ್ಲ. ಗೋಪುರ ಸಮೀಪದಲ್ಲಿದ್ದರೆ ಫೋನು ಪಿಸುಮಾತಿನಲ್ಲಿ ಮಾತನಾಡುತ್ತದೆ, ದೂರವಿದ್ದರೆ ಕೂಗುತ್ತದೆ. 900 ಮೆಗಾಹರ್ಟ್ಸ್‌ನ ಎರಡನೆಯ ಪೀಳಿಗೆಯ ಫೋನುಗಳ ಸ್ಪಂದನ ಕೆಲವೇ ಮಿಲಿವಾಟುಗಳಿಂದ 2 ವಾಟುಗಳವರೆಗೆ ಏರಿಳಿಯಬಲ್ಲದು. ಬಡಾವಣೆಯವರು ಗೋಪುರವನ್ನು ದೂರಕ್ಕೆ ಅಟ್ಟಿದರೆ, ಪ್ರತಿಯೊಬ್ಬರ ಕಿವಿಯ ಬಳಿಯ ಪ್ರೇಷಕ ಹೆಚ್ಚು ಬಲದಿಂದ ಕೂಗತೊಡಗುತ್ತದೆ. ಫೋನಿನಲ್ಲಿ ಮಾತನಾಡುವವನಿಗೆ ಇದರಿಂದ ಒಟ್ಟು ಹೀರಿಕೆ ತಗ್ಗುವ ಬದಲು ಹೆಚ್ಚಬಹುದು.

ಕ್ಯಾನ್ಸರಿನ ಪ್ರಶ್ನೆ

ಶಾಖವಲ್ಲದೆ ಬೇರೆ ಹಾನಿ ಇಲ್ಲವೆ? 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಿಯೋ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳವು’ ಎಂಬ ವರ್ಗಕ್ಕೆ ಸೇರಿಸಿತು. ಆ ವರ್ಗದ ಅರ್ಥ, ಸಂದೇಹಕ್ಕೆ ಕೊಂಚ ಎಡೆಯಿದೆ, ಸಾಕ್ಷ್ಯ ಸಾಲದು ಎಂದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ವರ್ಗದಲ್ಲಿದೆ. 2018ರಲ್ಲಿ ಅಮೆರಿಕದ ಸರ್ಕಾರಿ ಪ್ರಯೋಗವೊಂದರಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆಗಳು ಕಂಡವು. ಅವುಗಳ ಇಡೀ ಮೈಗೆ ದಿನಕ್ಕೆ 9 ಗಂಟೆಗಳಂತೆ ಎರಡು ವರ್ಷ ಅಲೆಗಳನ್ನು ಹಾಯಿಸಲಾಗಿತ್ತು. ಅತಿ ಹೆಚ್ಚಿನ ಪ್ರಮಾಣ ಜನಸಾಮಾನ್ಯರ ಮಿತಿಯ 75 ಪಟ್ಟು. ವಿಚಿತ್ರವೆಂದರೆ, ಅಲೆ ತಗಲಿದ ಗಂಡು ಇಲಿಗಳು ತಗಲದವುಗಳಿಗಿಂತ ಹೆಚ್ಚು ಕಾಲ ಬದುಕಿದವು.

ಮನುಷ್ಯರ ಮೇಲಿನ ಸಾಕ್ಷ್ಯವೋ? ಬ್ರಿಟನ್ನಿನ ಏಳೂಮುಕ್ಕಾಲು ಲಕ್ಷ ಮಹಿಳೆಯರನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನ 2022ರಲ್ಲಿ ಹೊರಬಂದಿತು. ಫೋನು ಬಳಸುವವರಲ್ಲಿ ಮಿದುಳಿನ ಗಡ್ಡೆ ಹೆಚ್ಚಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇಲೆ 63 ಅಧ್ಯಯನಗಳನ್ನು ಜಾಲಾಡಿ 2024ರಲ್ಲಿ ಪ್ರಕಟಿಸಿದ ಪರಾಮರ್ಶೆಯೂ ಮೊಬೈಲ್ ಫೋನಿಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲವೆಂದಿತು. ಹಾನಿ ಎಂದೆಂದಿಗೂ ಇಲ್ಲವೆಂದು ವಿಜ್ಞಾನ ಪ್ರಮಾಣ ಮಾಡಲಾರದು. ಇಷ್ಟು ಹುಡುಕಿದರೂ ಕಾಣಲಿಲ್ಲವೆಂದು ಮಾತ್ರ ಹೇಳಬಲ್ಲದು. ಆ ಮಾತಿಗೆ ಬೆಲೆಯುಂಟು.

ಇನ್ನೂ ಎಚ್ಚರ ಬೇಕೆನ್ನುವವರಿಗೆ ದಾರಿ ಸುಲಭ. ಫೋನನ್ನು ಕಿವಿಯಿಂದ ಒಂದು ಗೇಣು ಸರಿಸಿ ಧ್ವನಿವರ್ಧಕವನ್ನೋ ತಂತಿಯ ಕಿವಿಗೊಳವೆಯನ್ನೋ ಬಳಸಿದರೆ ತಲೆಯ ಹೀರಿಕೆ ಬಹುಮಟ್ಟಿಗೆ ಇಳಿಯುತ್ತದೆ. ಸಂಕೇತ ಕ್ಷೀಣವಾಗಿರುವೆಡೆ ಮಾತನ್ನು ಮೊಟಕುಗೊಳಿಸುವುದು ಲೇಸು. ದ್ವಿಚಕ್ರ ವಾಹನದ ಮೇಲೆ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೋಗುವವರಂತೂ ಅಲೆಗಳ ಚಿಂತೆಯನ್ನು ಬಿಟ್ಟು ರಸ್ತೆಯ ಚಿಂತೆ ಮಾಡಬೇಕು.

ಬಡಾವಣೆಯ ಅರ್ಜಿಗೂ ನಮ್ಮದೊಂದು ಸಲಹೆಯುಂಟು. ಗೋಪುರಗಳ ಅಲೆಗಳ ಮಾಹಿತಿಗಾಗಿ ದೂರಸಂಪರ್ಕ ಇಲಾಖೆಯು 2017ರಲ್ಲಿ ‘ತರಂಗ್ ಸಂಚಾರ್’ ಎಂಬ ಜಾಲತಾಣವನ್ನು ತೆರೆಯಿತು. ‘ಗೋಪುರವನ್ನು ಕೀಳಿಸಿ’ ಎಂದು ಬರೆಯುವ ಮೊದಲು, ‘ನಮ್ಮ ಕಿಟಕಿಯ ಬಳಿ ಅಳೆದು ಅಂಕಿಯನ್ನು ತಿಳಿಸಿ’ ಎಂದು ಬರೆಯೋಣ. ಅಂಕಿ ಮಿತಿಯೊಳಗಿದ್ದರೆ ಮನಸ್ಸಿಗೆ ನೆಮ್ಮದಿ. ಮೀರಿದ್ದರೆ ಅರ್ಜಿಗೆ ಬಲ.